ಬಳೆ ಅಳತೆಯ ಬೂಟು

ಜೂನ್ ಮೊದಲ ವಾರ, ಬೆಳಗಿನ ಆರೂಕಾಲು. ಜ್ಞಾನಭಾರತಿಯ ಒಳರಸ್ತೆಯ ತಿರುವಿನಲ್ಲಿ ವಚನಾ ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ಎಳೆದಾಗ ಕಾರಿನ ಮುಂಭಾಗದ ಕೆಳಗಿನಿಂದ ಕಟಕ್ ಎಂದು ಸದ್ದು ಬಂತು. ವಚನಾ ಬ್ಯಾಂಕಿನಲ್ಲಿ ಅಧಿಕಾರಿ. ಲೈಸೆನ್ಸ್ ಪಡೆದು ಎಂಟು ವರ್ಷವಾಗಿದ್ದರೂ ಮನೆಯ ಕಾರನ್ನು ಮುಟ್ಟಿದವರಲ್ಲ. ತಾನೇ ಏನೋ ಮುರಿದೆ ಎಂದುಕೊಂಡು ಎರಡೂ ಕೈ ಮೇಲೆತ್ತಿಬಿಟ್ಟರು. ಪಕ್ಕದ ಸೀಟಿನಲ್ಲಿ ಕೂತು ಡ್ರೈವಿಂಗ್ ಕಲಿಸುತ್ತಿದ್ದ ವೆಂಕಟಲಕ್ಷ್ಮಮ್ಮ ತಮ್ಮ ಕಾಲ ಬಳಿಯ ಎರಡನೆಯ ಬ್ರೇಕ್ ಒತ್ತಿ ಗಾಡಿ ನಿಲ್ಲಿಸಿದರು.

“ಕೈ ಬಿಡ್ಬೇಡಿ ಅಂತ ಎಷ್ಟು ಸಲ ಹೇಳ್ಲಿ? ಗಾಡಿ ಸದ್ದು ಮಾಡಿದ್ರೂ ಕೈ ಬಿಡಬಾರ್ದು, ಅತ್ತೆ ಸದ್ದು ಮಾಡಿದ್ರೂ ಕೈ ಬಿಡಬಾರ್ದು.”

ವಚನಾ ನಕ್ಕರು. ವೆಂಕಟಲಕ್ಷ್ಮಮ್ಮ ನಗಲಿಲ್ಲ. ಕೆಳಗಿಳಿದು, ಹಿಂದಿನ ಸೀಟಿನಿಂದ ಹಳೆಯ ಪೇಪರ್ ತೆಗೆದು ರಸ್ತೆಗೆ ಹಾಸಿ, ಮೊಣಕಾಲೂರಿ, ಮೊಬೈಲ್ ಬೆಳಕಿನಲ್ಲಿ ಮುಂದಿನ ಚಕ್ರದ ಹಿಂದೆ ನೋಡಿದರು. ಅಲ್ಲಿ ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾಗಿ ಒಂದು ರಬ್ಬರ್ ಕವಚ ಇರುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ಚಕ್ರವನ್ನು ಆಚೀಚೆ ತಳ್ಳುವ ಕಬ್ಬಿಣದ ಸರಳಿನ ಮೇಲೆ ಧೂಳು, ನೀರು ಬೀಳದಂತೆ ಅದು ಕಾಯುತ್ತದೆ. ಸರಳಿಗೆ ರ‍್ಯಾಕ್ ಎನ್ನುತ್ತಾರೆ, ಕವಚಕ್ಕೆ ಬೂಟು. ಎಡಗಡೆಯ ಬೂಟು ಭಾರದ ಓಲೆ ಹಾಕಿಕೊಂಡ ಮುದುಕಿಯ ಕಿವಿಯ ಹಾಗೆ ಉದ್ದಕ್ಕೆ ಹರಿದು ಜೋತುಬಿದ್ದಿತ್ತು. ಬಲಗಡೆಯದೂ ಮೂರು ಕಡೆ ಬಿರುಕು ಬಿಟ್ಟಿತ್ತು.

ವೆಂಕಟಲಕ್ಷ್ಮಮ್ಮನಿಗೆ ಆಗ ನಲವತ್ತೊಂಬತ್ತು. ಹೇರೋಹಳ್ಳಿಯ ಹಳೆಯ ಮನೆತನ. ಅಪ್ಪ ದೊಡ್ಡಹನುಮಯ್ಯ ಮೂವತ್ತು ವರ್ಷ ಇಟ್ಟಿಗೆ ಲಾರಿ ಓಡಿಸಿದವರು. ಹೇರೋಹಳ್ಳಿಯಿಂದ ರಾಜಾಜಿನಗರದವರೆಗೆ ಎಷ್ಟೋ ಮನೆಗಳ ಇಟ್ಟಿಗೆ ಅವರ ಲಾರಿಯಲ್ಲೇ ಹೋಗಿದ್ದು. ಹದಿನಾಲ್ಕನೆಯ ವಯಸ್ಸಿಗೇ ಮಗಳನ್ನು ಲಾರಿಯ ಸ್ಟೀರಿಂಗಿಗೆ ಕೂರಿಸಿದ್ದರು. ಮದುವೆಯಾಗಿ ಅತ್ತಿಗುಪ್ಪೆಗೆ ಬಂದ ಮೇಲೆ ಆ ವಿದ್ಯೆಯೇ ಅನ್ನವಾಯಿತು. ಗಂಡ ಖಾಸಗಿ ಕಾಲೇಜಿನಲ್ಲಿ ಅಟೆಂಡರ್ ಆಗಿದ್ದು, ಬೆನ್ನುನೋವಿನಿಂದ ಮನೆ ಹಿಡಿದಿದ್ದರು.

ಮೊದಲ ಒಂಬತ್ತು ವರ್ಷ ಅವರು ಬಸವೇಶ್ವರನಗರದ ಪುರುಷೋತ್ತಮನ ಡ್ರೈವಿಂಗ್ ಸ್ಕೂಲಿನಲ್ಲಿ ದುಡಿದರು. ಹೆಂಗಸರು ಕಲಿಯಲು ಬಂದರೆ ಪುರುಷೋತ್ತಮ ಇವರನ್ನು ಕಳಿಸುತ್ತಿದ್ದ. ಸ್ಕೂಲಿನಲ್ಲೇ ಅತಿ ಹಳೆಯ ಕಾರು ಇವರ ಪಾಲಿಗೆ, ಸಂಬಳ ಗಂಡಸರಿಗೆ ಕೊಡುತ್ತಿದ್ದುದರ ಅರ್ಧಕ್ಕೆ ತುಸು ಮೇಲೆ. ಕೇಳಿದರೆ, ಲೇಡೀಸ್ ಕಾರನ್ನು ಮೂವತ್ತರ ಮೇಲೆ ಓಡಿಸೋದಿಲ್ಲವಲ್ಲಮ್ಮಾ, ಕಷ್ಟವೇನು ಎನ್ನುತ್ತಿದ್ದ. ಅಪ್ಪ ತೀರಿಕೊಂಡು, ಲಾರಿ ಗುಜರಿಗೆ ಹೋಗಿ ತಮ್ಮ ಪಾಲಿನ ಹಣ ಕೈಗೆ ಬಂದ ತಿಂಗಳೇ ಅವರು ಕೆಲಸ ಬಿಟ್ಟು ಸೆಕೆಂಡ್ ಹ್ಯಾಂಡಿನಲ್ಲಿ ಈ ಬೂದು ಬಣ್ಣದ ಪುಟ್ಟ ಕಾರು ತೆಗೆದುಕೊಂಡರು. ಲೈಸೆನ್ಸ್ ಇದ್ದೂ ರಸ್ತೆಗಿಳಿಯಲು ಹೆದರುವ ಹೆಂಗಸರಿಗೆ ತಾವೇ ಕಲಿಸತೊಡಗಿದರು. ಬೋರ್ಡ್ ಇಲ್ಲ, ಜಾಹೀರಾತಿಲ್ಲ. ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಗಿ, ವಿಜಯನಗರದಿಂದ ಕೆಂಗೇರಿಯವರೆಗೆ ಅವರ ಕೈಯಲ್ಲಿ ಕಲಿತವರು ಇನ್ನೂರರ ಮೇಲಿದ್ದಾರೆ.

ಕಾರು ತಯಾರಿಸಿದ ಕಂಪನಿ ಈ ದೇಶದ ಅಂಗಡಿ ಮುಚ್ಚಿ ಹೋಗಿ ವರ್ಷಗಳಾಗಿದ್ದವು. ಈ ಜೂನ್ ಕೊನೆಗೆ ಕಾರಿನ ನೋಂದಣಿಯ ಹದಿನೈದು ವರ್ಷವೂ ಮುಗಿಯುತ್ತಿತ್ತು. ಮುಂದುವರಿಸಬೇಕೆಂದರೆ ಇಪ್ಪತ್ತೇಳನೆಯ ತಾರೀಖು ತಪಾಸಣೆಗೆ ಒಯ್ಯಬೇಕು. ಸ್ಟೀರಿಂಗ್ ಸಡಿಲವಿದ್ದರೆ ಪಾಸಾಗುವುದಿಲ್ಲ. ಪಾಸಾಗದಿದ್ದರೆ ಕಾರಿಲ್ಲ. ಕಾರಿಲ್ಲದಿದ್ದರೆ ಮತ್ತೆ ಪುರುಷೋತ್ತಮ. ಅವನು ವರ್ಷಕ್ಕೊಮ್ಮೆ ಯುಗಾದಿಗೆ ತಪ್ಪದೆ ಫೋನ್ ಮಾಡಿ, ಬಂದ್ಬಿಡಮ್ಮಾ, ನಿನ್ನ ಕುರ್ಚಿ ಹಾಗೇ ಇದೆ ಎನ್ನುತ್ತಿದ್ದ. ಅಲ್ಲಿ ಅವರಿಗೆ ಯಾವತ್ತೂ ಕುರ್ಚಿ ಇರಲಿಲ್ಲ.

ಗಾಡಿಯನ್ನು ನೇರ ಭೈರೇಶನ ಗ್ಯಾರೇಜಿಗೆ ತಂದರು. ಹೇರೋಹಳ್ಳಿ ರಸ್ತೆಯಲ್ಲಿ ತಗಡಿನ ಮಾಡು, ಗಾಡಿಯ ಅಡಿ ನೋಡಲು ಒಂದು ಗುಂಡಿ, ಒಂದು ವಾಟರ್ ಸರ್ವೀಸ್ ಪಂಪು. ಭೈರೇಶನಿಗೆ ನಲವತ್ತು ದಾಟಿದೆ. ಅವನಪ್ಪ ದೊಡ್ಡಹನುಮಯ್ಯನವರ ಲಾರಿಯಲ್ಲಿ ಕ್ಲೀನರ್ ಆಗಿದ್ದ. ಆ ಋಣಕ್ಕೋ ಏನೋ, ವೆಂಕಟಲಕ್ಷ್ಮಮ್ಮ ಬೇರೆ ಗ್ಯಾರೇಜಿನ ಮೆಟ್ಟಿಲು ಹತ್ತಿದವರಲ್ಲ. ಭೈರೇಶನೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದ. ಅವರು ಬಂದಾಗ ಸ್ಟೂಲಿನಿಂದ ಎದ್ದು ನಿಲ್ಲುತ್ತಿದ್ದ.

ಅವನು ಕೆಳಗೆ ನುಗ್ಗಿ, ಸರಳನ್ನು ಬೆರಳಿನಿಂದ ಸವರಿ ನೋಡಿ, ರ‍್ಯಾಕ್ ಇನ್ನೂ ಕೆಟ್ಟಿಲ್ಲ ಎಂದ. ಸ್ವಲ್ಪ ಮಣ್ಣು ಹೋಗಿದೆ, ತೊಳೆದು ಗ್ರೀಸ್ ಹಾಕಬಹುದು. ಆದರೆ ಮಳೆ ಹಿಡಿಯುವ ಮುಂಚೆ ಹೊಸ ಬೂಟು ಹಾಕಬೇಕು. ನೀರು ಹೋಯಿತೆಂದರೆ ರ‍್ಯಾಕೇ ಹೋಯಿತು. ಬೂಟು ಮಾತ್ರ ಬಿಡಿಯಾಗಿ ಸಿಗುವುದು ಅನುಮಾನ. ಈ ಕಾರಿಗೆ ಈಗ ಏನಿದ್ದರೂ ಇಡೀ ರ‍್ಯಾಕೇ ಬರುತ್ತದೆ, ಇಪ್ಪತ್ತೆರಡು ಸಾವಿರ, ಹಣ ಮೊದಲೇ ಕಟ್ಟಬೇಕು.

“ಎರಡು ತುಂಡು ರಬ್ಬರಿಗೆ ಇಪ್ಪತ್ತೆರಡು ಸಾವಿರಾನಾ?”

“ರಬ್ಬರು ಸಿಕ್ಕಿದ್ರೆ ಇನ್ನೂರು ರೂಪಾಯಿ ಮಾಲು ಅಕ್ಕ. ಸಿಗಬೇಕಲ್ಲ.”

ಅಂದಿನಿಂದ ಅವರು ಬೆಳಗಿನ ಎರಡು ಕ್ಲಾಸು ಮುಗಿಸಿ ಹರಿದ ಬೂಟನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹುಡುಕಾಟ ಶುರುಮಾಡಿದರು. ಜೆ.ಸಿ. ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಕಾರಿನ ಹೆಸರು ಹೇಳುತ್ತಿದ್ದಂತೆ ಕೈ ಆಡಿಸಿದರು. ಒಬ್ಬ ಚೀಲದೊಳಗೆ ಇಣುಕಿಯೂ ನೋಡದೆ, ಮನೇಲಿ ಗಂಡಸರು ಯಾರಾದರೂ ಇದ್ದರೆ ಕಳಿಸಿ ಮೇಡಂ, ಅವರಿಗೆ ಹೇಳಿದರೆ ಅರ್ಥವಾಗುತ್ತೆ ಎಂದ.

“ಮನೇಲಿರೋ ಗಂಡಸರ ಸೈಕಲ್‌ಗೆ ಪಂಕ್ಚರ್ ಹಾಕ್ಸೋಕೂ ನಾನೇ ಹೋಗ್ಬೇಕು. ಬೂಟ್ ಇದ್ಯಾ ಇಲ್ವಾ, ಅಷ್ಟು ಹೇಳಿ.”

ಇರಲಿಲ್ಲ. ಮೈಸೂರು ರಸ್ತೆಯ ಗುಜರಿಯಲ್ಲಿ ಅದೇ ಕಾರಿನ ಎರಡು ಹೆಣಗಳು ಸಿಕ್ಕವು. ಬೂಟುಗಳು ಹಪ್ಪಳದಂತೆ ಒಣಗಿದ್ದವು, ಬಿಚ್ಚುವಾಗಲೇ ಪುಡಿಯಾದವು. ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ರಬ್ಬರ್ ಅಚ್ಚು ಹಾಕುವ ಒಬ್ಬ ಮಾಡಿಕೊಡುತ್ತೇನೆ ಎಂದ, ಆದರೆ ಐನೂರು ತೆಗೆದುಕೊಂಡರೆ ಮಾತ್ರ. ಐನೂರು ಬೂಟು ತಗೊಂಡು ಸೀರೆ ಅಂಚಿಗೆ ಹೊಲಿಸ್ಕೊಳ್ಲಾ ಎಂದು ಕೇಳಿ ಹೊರಬಂದರು. ಆನ್‌ಲೈನಿನಲ್ಲಿ ಎಲ್ಲ ಕಾರಿಗೂ ಹಿಗ್ಗುವ ಬೂಟು ಎಂದು ತರಿಸಿದ್ದು ಆಟದ ಸಾಮಾನಿನಷ್ಟು ತೆಳ್ಳಗಿತ್ತು. ಭೈರೇಶ ಅದನ್ನು ಹಾಕಲು ಒಪ್ಪಲಿಲ್ಲ.

ಈ ನಡುವೆ ಕ್ಲಾಸು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ತಿಂಗಳು ನಡೆಯುವುದಿಲ್ಲ. ಎಡಗಡೆಯ ಸರಳಿಗೆ ಭೈರೇಶ ಸೈಕಲ್ ಟ್ಯೂಬಿನ ತುಂಡು ಸುತ್ತಿ ತಂತಿ ಬಿಗಿದಿದ್ದ. ಕಲಿಯುವವರು ಸ್ಟೀರಿಂಗನ್ನು ಅತ್ತ ಇತ್ತ ತಿರುಗಿಸಿ ತಿರುಗಿಸಿ ಅದು ಎರಡೇ ದಿನಕ್ಕೆ ಜಾರುತ್ತಿತ್ತು. ಒಂಬತ್ತನೆಯ ತಾರೀಖು ಸಂಜೆ ಮಳೆ ಬಂತು. ಹೇರೋಹಳ್ಳಿ ಕೆರೆಯ ಬಳಿಯ ರಸ್ತೆಯಲ್ಲಿ ನೀರು ಚಕ್ರದ ಅರ್ಧಕ್ಕೆ ನಿಂತಿತ್ತು. ಅವರು ಅದರಲ್ಲೇ ಹಾಯಿಸಿ ಮನೆಗೆ ಬಂದರು. ಬೇರೆ ದಾರಿ ಇರಲಿಲ್ಲ.

ಹುಡುಕಾಟದ ಹನ್ನೆರಡನೆಯ ದಿನ ವಿಜಯನಗರದಲ್ಲಿ ಕಲ್ಮೇಶನ ಅಂಗಡಿಗೆ ಹೋದರು. ಧಾರವಾಡ ಕಡೆಯ ಮನುಷ್ಯ, ವಿಭೂತಿ, ಕನ್ನಡಕ, ಗೋಡೆಯ ತುಂಬ ಬಸವಣ್ಣನ ಕ್ಯಾಲೆಂಡರುಗಳು. ಅವನೂ ಆ ಕಾರಿನ ಮಾಲು ಇಲ್ಲ ಎಂದ. ಆದರೆ ಚೀಲ ಬಿಚ್ಚಿ ನೋಡಿದ. ಹರಿದು ಹಿಗ್ಗಿದ್ದ ಬೂಟಿನಿಂದ ಅಳತೆ ತೆಗೆಯುವುದು ಸಾಧ್ಯವಿರಲಿಲ್ಲ.

“ಬಾಯಿ ಎಷ್ಟ ದೊಡ್ಡದಿತ್ರೀ, ಸರಿಯಾಗಿ ಇದ್ದಾಗ? ಅಳತಿ ಗೊತ್ತಿದ್ರ ಬ್ಯಾರೇ ಕಾರಿಂದು ಹೊಂದಸಬಹುದು.”

ಅಳತೆ ಯಾರಿಗೆ ಗೊತ್ತು? ಅವರು ಗ್ಯಾರೇಜಿಗೆ ವಾಪಸು ಬಂದು ಮತ್ತೆ ಪೇಪರ್ ಹಾಸಿ ಮಲಗಿದರು. ಬೂಟಿನ ದೊಡ್ಡ ಬಾಯಿ ಕೂರುವ ಕಬ್ಬಿಣದ ಉಂಗುರವನ್ನು ನೋಡುತ್ತ ನೋಡುತ್ತ ತಮ್ಮ ಕೈಯ ಗಾಜಿನ ಬಳೆ ಬಿಚ್ಚಿ ಅದಕ್ಕೆ ಹಾಕಿ ನೋಡಿದರು. ಎರಡೂಕಾಲಿನ ಬಳೆ ಮಾಡಿಟ್ಟಂತೆ ಕೂತಿತು. ಸಣ್ಣ ಬಾಯಿ ಕೂರುವ ಜಾಗಕ್ಕೆ ದಾರ ಸುತ್ತಿ ಅಳತೆ ತೆಗೆದುಕೊಂಡರು, ಹೆಬ್ಬೆರಳ ಉಂಗುರದಷ್ಟಿತ್ತು. ಅದೇ ಬಳೆ, ಅದೇ ದಾರ ಹಿಡಿದು ಕಲ್ಮೇಶನ ಮುಂದಿಟ್ಟಾಗ ಅವನು ಕನ್ನಡಕ ಹಣೆಗೇರಿಸಿ, ಮೂವತ್ತು ವರ್ಷದಾಗ ಗಾಡಿಗೆ ಬಳಿ ತೊಡಸ್ಲಿಕ್ಕೆ ಬಂದವರು ನೀವೇ ಮೊದಲನೇದವರು ನೋಡ್ರೀ ಎಂದ. ಆಮೇಲೆ ಅಟ್ಟ ಹತ್ತಿ ಅರ್ಧ ಗಂಟೆ ಡಬ್ಬಿ ಕೆದಕಿದ. ಬೇರೊಂದು ಹಳೆಯ ಕಾರಿಗೆಂದು ಯಾವುದೋ ಸಣ್ಣ ಕಾರ್ಖಾನೆ ಮಾಡಿದ್ದ ಒಂದು ಜೊತೆ ಬೂಟು, ಬಳೆಯೊಳಗೆ ಸರಿಯಾಗಿ ಕೂತಿತು. ಜೋಡಿಗೆ ಇನ್ನೂರ ನಲವತ್ತು ರೂಪಾಯಿ. ಕಂಪನಿ ರಬ್ಬರಲ್ಲ, ಎಣ್ಣಿ ತಾಗಸಬ್ಯಾಡ್ರೀ ಎಂದು ಅವನು ಬಿಲ್ ಬರೆಯುತ್ತ ಹೇಳಿದ. ವೆಂಕಟಲಕ್ಷ್ಮಮ್ಮ ಆಗಲೇ ಬಳೆ ಕೈಗೇರಿಸಿಕೊಳ್ಳುತ್ತ ಮೆಟ್ಟಿಲಿಳಿಯುತ್ತಿದ್ದರು. ಇಂಜಿನ್ ಎಣ್ಣೆಯ ಮಾತಿರಬೇಕು ಎಂದುಕೊಂಡರು.

ಭೈರೇಶ ಸರಳನ್ನು ತೊಳೆದು, ಗ್ರೀಸ್ ತುಂಬಿ, ಎರಡೂ ಬೂಟನ್ನು ಕ್ಲಾಂಪ್ ಹಾಕಿ ಬಿಗಿದ. ಸದ್ದು ನಿಂತಿತು. ಸ್ಟೀರಿಂಗಿನಲ್ಲಿ ಒಂದಿಷ್ಟು ಸಡಿಲ ಉಳಿದಿದೆ, ಮಳೆ ನೀರು ಹೋಗಿತ್ತಲ್ಲ, ಆದರೂ ಪಾಸಾಗುವಷ್ಟಿದೆ ಎಂದ. ಮರುದಿನ ವಚನಾ ಅದೇ ತಿರುವಿನಲ್ಲಿ ಮೂರು ಸಲ ಗಾಡಿ ತಿರುಗಿಸಿದರು. ಆ ವಾರವೆಲ್ಲ ವೆಂಕಟಲಕ್ಷ್ಮಮ್ಮ ಕಲಿಯುವವರಿಗೆಲ್ಲ ಬಳೆಯ ಕಥೆ ಹೇಳಿದರು.

ಅಮಾವಾಸ್ಯೆ ಇಪ್ಪತ್ತೈದಕ್ಕೆ ಬಿತ್ತು. ಅಮಾವಾಸ್ಯೆಯ ಹಿಂದಿನ ದಿನ ಗಾಡಿ ತೊಳೆಸಿ, ಅಡಿಯೆಲ್ಲ ಡೀಸೆಲ್ ಹೊಡೆಸಿ, ಮರುದಿನ ನಿಂಬೆಹಣ್ಣು ಕಟ್ಟುವುದು ದೊಡ್ಡಹನುಮಯ್ಯನವರು ಹಾಕಿಕೊಟ್ಟ ಪದ್ಧತಿ. ಮೂವತ್ತು ವರ್ಷ ಅವರ ಲಾರಿಯ ಅಡಿಯ ಸ್ಪ್ರಿಂಗಿನ ಒಂದು ಪಟ್ಟಿಗೂ ತುಕ್ಕು ಹಿಡಿದಿರಲಿಲ್ಲ, ಕಿರ್ ಎಂದಿರಲಿಲ್ಲ. ಮಗಳೂ ಈ ಕಾರು ಬಂದ ದಿನದಿಂದ ಒಂದು ತಿಂಗಳೂ ಅದನ್ನು ತಪ್ಪಿಸಿರಲಿಲ್ಲ. ಈ ಸಲ ತಪಾಸಣೆ ಬೇರೆ ಇತ್ತು. ಗುಂಡಿಗಿಳಿದು ನೋಡುವ ಇನ್ಸ್‌ಪೆಕ್ಟರ್ ಕಣ್ಣಿಗೆ ಅಡಿಭಾಗ ಕಪ್ಪಗೆ ಮಿರಿಮಿರಿ ಅನ್ನಬೇಕು.

“ಎರಡು ಕೈ ಹೊಡಿಯೋ,” ಎಂದರು. “ನಮ್ಮಪ್ಪ ಹೊಡೀತಿದ್ದ ಹಾಗೆ.”

ಭೈರೇಶ ಸ್ಪ್ರೇ ಗನ್ ಕೈಯಲ್ಲಿ ಹಿಡಿದು ಒಂದು ಕ್ಷಣ ಅವರ ಮುಖ ನೋಡಿದ. ಆಮೇಲೆ ಗುಂಡಿಗಿಳಿದು ಹೇಳಿದ ಹಾಗೆ ಒಂದರ ಮೇಲೊಂದರಂತೆ ಎರಡು ಕೈ ಹೊಡೆದ. ಡೀಸೆಲಿಗೆ, ತೊಳೆದಿದ್ದಕ್ಕೆ ಸೇರಿಸಿ ಎಂದಿನಂತೆ ಆರುನೂರು ತೆಗೆದುಕೊಂಡ.

ಇಪ್ಪತ್ತೇಳರ ಬೆಳಗ್ಗೆ ತಪಾಸಣೆಯ ಮೈದಾನದಲ್ಲಿ ಎಂಟನೆಯ ಗಾಡಿ ಅವರದು. ಇನ್ಸ್‌ಪೆಕ್ಟರ್ ಸುಮಾರು ಮೂವತ್ತರ ತರುಣ, ಮಾತು ಕಡಿಮೆ. ದೀಪ, ಹಾರ್ನ್, ಬ್ರೇಕ್ ಎಲ್ಲ ನೋಡಿದ. ಮುಂದಿನ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ. ಮತ್ತೊಮ್ಮೆ ಅಲ್ಲಾಡಿಸಿ, ಬಗ್ಗಿ ಒಳಗೆ ಕೈ ಹಾಕಿದ. ಕೈ ಹೊರಗೆ ಬಂದಾಗ ಬೆರಳುಗಳ ನಡುವೆ ಕರಿಯ ಅಂಟು ಇತ್ತು. ಅವನು ಅದನ್ನು ಮೂಸಿ ನೋಡಿದ.

“ಇದಕ್ಕೆ ಡೀಸೆಲ್ ಹೊಡೆಸಿದ್ರಾ ಮೇಡಂ?”

ಹೌದು, ಯಾವಾಗಲೂ ಹೊಡೆಸುತ್ತೇನೆ ಎಂದು ಅವರು ತುಸು ಹೆಮ್ಮೆಯಿಂದಲೇ ಹೇಳಿದರು.

“ಲಾರಿ ಪಟ್ಟಿಗೆ ಸರಿ. ರಬ್ಬರಿಗೆ ಡೀಸೆಲ್ ಅಂದ್ರೆ ವಿಷ. ನೋಡಿ ಇಲ್ಲಿ.”

ಅವರು ಬಗ್ಗಿ ನೋಡಿದರು. ಹೊಸ ಬೂಟು ನೆನೆಸಿಟ್ಟ ಅವಲಕ್ಕಿಯಂತೆ ಊದಿಕೊಂಡು ಕ್ಲಾಂಪಿನಿಂದ ಜಾರಿ ಸರಳಿನ ನಡುವೆ ಕೂತಿತ್ತು. ಎರಡು ದಿನದ ಮಳೆಯ ಕೆಸರು ಒಳಗೆ ಸೇರಿ ರ‍್ಯಾಕಿನ ಹಲ್ಲುಗಳಿಗೆ ಅಂಟಿತ್ತು. ಹಿಂದಿನ ಬೂಟುಗಳೂ ಹೀಗೇ ಹೋಗಿರಬೇಕು, ಕಂಪನಿ ರಬ್ಬರಾದ್ದರಿಂದ ವರ್ಷಗಟ್ಟಲೆ ತಡೆದುಕೊಂಡಿವೆ ಎಂದು ಇನ್ಸ್‌ಪೆಕ್ಟರ್ ಹೇಳಿದ. ಚಕ್ರದಲ್ಲಿ ಮಿತಿ ಮೀರಿದ ಸಡಿಲವಿದೆ, ಈ ಸ್ಟೀರಿಂಗಿನಲ್ಲಿ ಜನರಿಗೆ ಕಲಿಸುವುದಿರಲಿ, ಮನೆಗೆ ಹೋಗುವಾಗಲೂ ನಿಧಾನವಾಗಿ ಹೋಗಿ ಎಂದ. ತಪಾಸಣೆಯ ಚೀಟಿಯ ಮೇಲೆ ಅಡ್ಡಗೆರೆ ಎಳೆದು, ಫೇಲ್ ಎಂದು ಬರೆದು ಸಹಿ ಹಾಕಿದ. ಅವನ ಮಾತಿನಲ್ಲಿ ಕೊಂಕಿರಲಿಲ್ಲ. ವೆಂಕಟಲಕ್ಷ್ಮಮ್ಮನಿಗೆ ಜಗಳ ತೆಗೆಯಲು ಒಂದು ಎಳೆಯೂ ಸಿಗಲಿಲ್ಲ.

ಇಪ್ಪತ್ತರ ವೇಗದಲ್ಲಿ ಗಾಡಿಯನ್ನು ಗ್ಯಾರೇಜಿಗೆ ತಂದು ನಿಲ್ಲಿಸಿದರು. ಭೈರೇಶ ಎಂದಿನಂತೆ ಎದ್ದು ನಿಂತ. ಅವರು ಚೀಟಿಯನ್ನು ಅವನ ಕೈಗೆ ಕೊಟ್ಟರು. ಅವನು ಓದಿ ಮಡಿಸಿ ವಾಪಸು ಕೊಟ್ಟ.

“ಡೀಸೆಲ್ ಹೊಡೆದ್ರೆ ರಬ್ಬರ್ ಹೋಗುತ್ತೆ ಅಂತ ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು ಅಕ್ಕ.”

“ಇಷ್ಟು ವರ್ಷದಿಂದ?”

“ಹೂಂ.”

“ಬಾಯಿ ಬಿದ್ದೋಗಿತ್ತಾ?”

ಭೈರೇಶ ಕೈ ಒರೆಸುವ ಬಟ್ಟೆಯನ್ನು ಕಂಬದ ಮೊಳೆಗೆ ಹಾಕಿದ. ಅವನು ದನಿ ಏರಿಸಲಿಲ್ಲ.

“ಒಂದ್ಸಲ ಹೇಳಿದ್ದೆ. ಒಂಬತ್ತು ವರ್ಷದ ಹಿಂದೆ, ಆಯುಧಪೂಜೆ ಹಿಂದಿನ ದಿನ. ಕಾರಿಗೆ ಡೀಸೆಲ್ ಬೇಡ ಅಕ್ಕ ಅಂದೆ. ನೀವು ಏನಂದ್ರಿ ನೆನಪಿದ್ಯಾ?”

ಅವರಿಗೆ ನೆನಪಿರಲಿಲ್ಲ.

“ನಮ್ಮಪ್ಪನ ಲಾರಿ ತೊಳೆದು ಅನ್ನ ತಿಂದೋನ ಮಗ ನೀನು, ನಂಗೆ ಗಾಡಿ ವಿಷ್ಯ ಹೇಳ್ಕೊಡ್ತೀಯಾ ಅಂದ್ರಿ. ಆವತ್ತು ಹಬ್ಬದ ರಶ್ಶು, ಏಳು ಜನ ಕಸ್ಟಮರ್ಸ್ ನಿಂತಿದ್ರು. ಎಲ್ಲಾ ನಕ್ರು. ನನ್ನ ಹೆಂಡ್ತಿ ಕಾಫಿ ತಂದು ಅಲ್ಲೇ ಬಾಗ್ಲಲ್ಲಿ ನಿಂತಿದ್ಲು.”

ಆಮೇಲೆ ನೀವು ಹೊಡಿ ಅಂದಿರಿ, ನಾನು ಹೊಡೆದೆ ಎಂದು ಮುಗಿಸಿದ. ಪ್ರತಿ ತಿಂಗಳೂ ಹೇಳಬೇಕೆನಿಸುತ್ತಿತ್ತು, ಪ್ರತಿ ತಿಂಗಳೂ ಆ ಏಳು ಜನರ ನಗು ಕೇಳಿಸುತ್ತಿತ್ತು ಎಂದ.

ವೆಂಕಟಲಕ್ಷ್ಮಮ್ಮ ಚೀಟಿಯನ್ನು ಇನ್ನೊಂದು ಮಡಿಕೆ ಮಡಿಸಿದರು. ಆ ಮಾತು ತಾವು ಆಡಿದ್ದೇ ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ಅದು ಅವರದೇ ದನಿ, ಅವರಪ್ಪನ ದನಿ. ಅಪ್ಪ ಭೈರೇಶನ ಅಪ್ಪನಿಗೆ ದಿನಕ್ಕೆ ನಾಲ್ಕು ಸಲ ಇಂಥದ್ದೇ ಮಾತು ಹೇಳುತ್ತಿದ್ದುದನ್ನು ಅವರು ಲಾರಿಯ ಸೀಟಿನಲ್ಲಿ ಕೂತು ಕೇಳಿ ಬೆಳೆದವರು. ಅದಕ್ಕೇ ನೆನಪಿನಲ್ಲಿ ಉಳಿದಿರಲಿಲ್ಲ. ತಪ್ಪಾಯ್ತು ಎಂಬ ಮಾತು ನಾಲಗೆಯ ತುದಿಯವರೆಗೆ ಬಂತು. ಆದರೆ ಅದಕ್ಕಿಂತ ಮುಂಚೆ ಆರುನೂರು ರೂಪಾಯಿ ನೆನಪಾಯಿತು, ಗೊತ್ತಿದ್ದೂ ಅವನು ತೆಗೆದುಕೊಂಡ ಪ್ರತಿ ಅಮಾವಾಸ್ಯೆಯ ಆರುನೂರು.

ಭೈರೇಶನೇ ಮೊದಲು ಮಾತಾಡಿದ. ರಿಪೇರಿ ಮಾಡಿದ ಹಳೆಯ ರ‍್ಯಾಕ್ ಒಂದು ಕಲಾಸಿಪಾಳ್ಯದಲ್ಲಿದೆ, ಒಂಬತ್ತು ಸಾವಿರಕ್ಕೆ ಕೇಳಿ ಇಟ್ಟಿದ್ದೇನೆ, ಇವತ್ತೇ ತಂದರೆ ನಾಳೆ ಹಾಕಿ ಸೋಮವಾರ ಮತ್ತೆ ತಪಾಸಣೆಗೆ ಒಯ್ಯಬಹುದು, ಕೂಲಿ ಬೇಡ, ಹಣ ನಿಧಾನವಾಗಿ ಕೊಡಿ ಎಂದ. ಅಂದರೆ ಈ ದಿನ ಬರುತ್ತದೆಂದು ತಿಳಿದು, ಅವರಿಗೆ ನೆರವಾಗಲೆಂದು ಮೊದಲೇ ಕೇಳಿಟ್ಟಿದ್ದ. ಅದು ಅವರಿಗೆ ಅರ್ಥವಾದ ರೀತಿಯೇ ಬೇರೆ.

“ನನ್ನ ಗಾಡಿ ಸಾಯೋದನ್ನೇ ಕಾಯ್ತಾ ಕೂತಿದ್ದೆ ನೀನು. ನಿನ್ನ ಕೈಯಿಂದ ಇನ್ನೊಂದು ನಟ್ಟೂ ಬೇಡ.”

“ಹಾಗಲ್ಲ ಅಕ್ಕ.”

“ಅಕ್ಕ ಅನ್ಬೇಡ.”

ಅವರು ಗಾಡಿ ಹತ್ತಿದಾಗ ಅವನು ಎಂದಿನಂತೆ ರಸ್ತೆಗೆ ಬಂದು ಬರುವ ವಾಹನ ತಡೆದು ದಾರಿ ಮಾಡಿಕೊಟ್ಟ. ಅವರು ಅವನ ಕಡೆ ನೋಡದೆ ಹೊರಟರು.

ಬೇರೆ ಮೂರು ಗ್ಯಾರೇಜುಗಳಲ್ಲಿ ವಿಚಾರಿಸಿದರು. ಈ ಕಾರನ್ನು ಮುಟ್ಟುವುದಿಲ್ಲ ಎಂದವರು ಇಬ್ಬರು. ಮೂರನೆಯವನು ಹದಿನೆಂಟು ಸಾವಿರ, ಹದಿನೈದು ದಿನ, ಗ್ಯಾರಂಟಿ ಇಲ್ಲ ಎಂದ. ಗಂಡ ಗೋಡೆಗೊರಗಿ ಕೂತು, ಭೈರೇಶನಿಗೇ ಒಂದು ಮಾತು ಹೇಳಿದರೆ ಏನು ಕಳಕೊಳ್ತೀಯ ಎಂದು ಎರಡು ಸಲ ಕೇಳಿದರು. ಮೂರನೆಯ ಸಲ ಕೇಳಲಿಲ್ಲ. ಕ್ಲಾಸು ನಿಂತಿದ್ದರಿಂದ ಭಾನುವಾರದ ಹೊತ್ತಿಗೆ ಅವರ ಬಳಿ ಕಲಿಯುತ್ತಿದ್ದ ಐದು ಹೆಂಗಸರಲ್ಲಿ ಮೂವರು ಬೇರೆ ಕಡೆ ಸೇರುತ್ತೇವೆ, ಬೇಜಾರು ಮಾಡ್ಕೋಬೇಡಿ ಎಂದು ಮೆಸೇಜ್ ಹಾಕಿದ್ದರು.

ಪುರುಷೋತ್ತಮನಿಗೆ ಅವರೇ ಫೋನ್ ಮಾಡಿದರು. ಅವನು ಆಶ್ಚರ್ಯಪಡಲಿಲ್ಲ. ಹಳೆಯ ಸಂಬಳದ ಮೇಲೆ ಒಂದಿಷ್ಟು ಸೇರಿಸುವುದಾಗಿ ಹೇಳಿದ. ಸ್ಕೂಲಿನ ಟೀ ಶರ್ಟ್ ಕಡ್ಡಾಯ, ಹೊರಗೆ ಸ್ವಂತ ಕ್ಲಾಸ್ ಮಾಡುವಂತಿಲ್ಲ. ಇಷ್ಟು ವರ್ಷ ಕಲಿಸಿದ ಹೆಂಗಸರ ಹೆಸರು, ಫೋನ್ ನಂಬರು ಪಟ್ಟಿ ಮಾಡಿ ಆಫೀಸಿಗೆ ಕೊಡಬೇಕು.

ಅವರು ಪಟ್ಟಿ ಬರೆಯಲು ಕೂತರು. ಇನ್ನೂರ ಹದಿನಾಲ್ಕು ಹೆಸರಾಯಿತು. ಬುಧವಾರ ಬೆಳಗ್ಗೆ ಆರಕ್ಕೆ ಅವರು ಬಸವೇಶ್ವರನಗರದ ಆಫೀಸಿನಲ್ಲಿ ಸಹಿ ಹಾಕಬೇಕು. ಗಾಡಿ ಒಯ್ಯಲು ಗುಜರಿಯವರು ಅದೇ ದಿನ ಹತ್ತು ಗಂಟೆಗೆ ಬರುತ್ತಾರೆ, ಕೀ ಗಂಡನ ಹತ್ತಿರ ಇರುತ್ತದೆ.